ಕುದುರಿ ಸರ್ ಬಿಚ್ಚದ ಚೀಟಿ

ಹೋದ ತಿಂಗಳು ನಗರಸಭೆ ಕಚೇರಿಯಿಂದ ಒಬ್ಬ ಅಳತೆಯ ಟೇಪು ಹಿಡಿದುಕೊಂಡು ಬಂದಿದ್ದ. ಇಳಕಲ್ಲಿನ ಬಸ್ ಸ್ಟ್ಯಾಂಡಿನ ಕಂಪೌಂಡಿಗೆ ಬೆನ್ನು ಹಚ್ಚಿ ಸಾಲಾಗಿ ನಿಂತ ನಮ್ಮ ತಗಡಿನ ಡಬ್ಬಿ ಅಂಗಡಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳು ಮಾಡಿ ಎಣಿಸಿದ. ಹತ್ತೊಂಬತ್ತು ಎಂದು ಬರೆದುಕೊಂಡ.

"ಇಪ್ಪತ್ತು ಅದಾವ್ರಿ," ಎಂದೆ.

"ಆ ಪುಸ್ತಕದ ಡಬ್ಬಿ ಮುಚ್ಚೇತಲ್ಲ ಅಕ್ಕಾರ. ಮುದುಕ ಹೋದನಂತ."

"ಮುದುಕ ಅನಬ್ಯಾಡ್ರಿ. ನಿಮ್ಮ ಸಾಹೇಬ್ರು ಸುದ್ದಾ ಅವರಿಗೆ ಸರ್ ಅಂತಿದ್ರು."

"ಆತು, ಸರ್ ಹೋದ್ರು. ಒಂದು ತಾನಾಗೇ ಕಡಿಮಿ ಆತು. ಚಲೋನ ಆತಲ್ಲ, ಯಾರನ್ನೂ ಎಬ್ಬಿಸೂದು ಬ್ಯಾಡ."

ಅವನು ಕೆಟ್ಟ ಮನುಷ್ಯನಲ್ಲ. ಎಣಿಸು ಎಂದು ಕಳಿಸಿದ್ದಾರೆ, ಎಣಿಸುತ್ತಾನೆ. ಆದರೆ 'ತಾನಾಗೇ ಕಡಿಮಿ ಆತು' ಎಂಬ ಮಾತನ್ನು ನಾನು ಮೊದಲೂ ಕೇಳಿದ್ದೆ. ಸತ್ತುಹೋದ ಆ ಸರ್ ಬಾಯಲ್ಲೇ ಕೇಳಿದ್ದೆ. ಅದಕ್ಕೇ ಅವನಿಗೆ ಹೇಳಿದೆ: "ಸೋಮವಾರ ಬರ್ರಿ. ಮತ್ತೊಮ್ಮೆ ಎಣಿಸೂಣು."

ಅವರನ್ನು ಊರವರು ಕುದುರಿ ಸರ್ ಎನ್ನುತ್ತಿದ್ದರು. ಹುನಗುಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾಗಿ, ಸುಮ್ಮನೆ ಕೂಡ್ರಲಾರದೆ, ನನ್ನ ಡಬ್ಬಿಯ ಪಕ್ಕದಲ್ಲಿ ಹಳೆಯ ಪುಸ್ತಕ ಮಾರಲು ಕೂತವರು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಕೊರಳಿಗೆ ಮಫ್ಲರ್. ಚಷ್ಮಾದ ಒಂದು ಕಡ್ಡಿ ಮುರಿದು ದಾರ ಕಟ್ಟಿದ್ದರು. ಆ ದಾರ ನನ್ನ ಅಂಗಡಿಯದು. ಕೈಯಲ್ಲಿ ಸದಾ ಒಂದು ಕೊಡೆ ಇರುತ್ತಿತ್ತು. ಮಳೆಗೆ ಅದನ್ನು ಬಿಚ್ಚಿದ್ದನ್ನು ನಾನು ಎಂದೂ ನೋಡಿಲ್ಲ. ನೆಲದ ಧೂಳಿನ ಮೇಲೆ ನಕಾಶೆ ಬರೆಯುವುದಕ್ಕೆ ಬಳಸುತ್ತಿದ್ದರು.

ನಾನು ಗುಳೇದಗುಡ್ಡದ ಖಣ, ಅಂದರೆ ರವಿಕೆಯ ಬಟ್ಟೆ, ಮಾರುವವಳು. ಏಳನೆಯ ಇಯತ್ತೆ ಓದಿದವಳು. ಮೊದಲು ಖಣದ ಗಂಟು ತಲೆಯ ಮೇಲೆ ಹೊತ್ತು ಗುಡೂರು, ಮರೋಳ ಎಂದು ಊರೂರು ತಿರುಗಿದೆ. ಆಮೇಲೆ ಇಲ್ಲಿ ಕಂಪೌಂಡಿನ ಬುಡದಲ್ಲಿ ಗೋಣಿಚೀಲ ಹಾಸಿದೆ. ಕಡೆಗೆ ಪರವಾನಗಿ ಮಾಡಿಸಿ ಡಬ್ಬಿ ಇಟ್ಟೆ. ನನಗೆ ಯಾರೂ ಏನೂ ಕೊಟ್ಟಿಲ್ಲ, ಕೊಡಲಿಲ್ಲ ಎಂಬ ಸಿಟ್ಟೂ ಇಲ್ಲ. ಚೌಕಾಶಿ ಒಂದು ಚೆನ್ನಾಗಿ ಬರುತ್ತದೆ. ನಿಮಗೂ ಬೇಕಾದರೆ ಹೇಳಿಕೊಡುತ್ತೇನೆ: ಎದುರಿನವರು ಎರಡು ಸಲ ಬಾಯಿ ತೆರೆಯುವ ತನಕ ನೀವು ತೆರೆಯಬೇಡಿ, ತೆರೆದಾಗ ಅವರ ಮನೆಯವರ ಆರೋಗ್ಯ ಕೇಳಿ.

ಖಣ ಮಡಿಸುವುದಕ್ಕೂ ಒಂದು ಕ್ರಮವಿದೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಉಡಿ ತುಂಬಲು ಕೊಡುವ ಖಣವನ್ನು ತ್ರಿಕೋನವಾಗಿ ಮಡಿಸಿ, ಕೊನೆಯ ಮೂಲೆಯನ್ನು ಒಳಗಿನ ಮಡಿಕೆಗೆ ಸಿಕ್ಕಿಸಬೇಕು. ಆಗ ಎಷ್ಟು ಕೈ ದಾಟಿದರೂ ಅದು ಬಿಚ್ಚುವುದಿಲ್ಲ. ಮೂಲೆ ಸಿಕ್ಕಿಸುವ ಆ ಕೆಲಸವನ್ನು ನನ್ನ ಹೆಬ್ಬೆರಳು ದಿನಕ್ಕೆ ಎಷ್ಟು ಸಲ ಮಾಡುತ್ತದೋ ಲೆಕ್ಕವಿಲ್ಲ. ಪಕ್ಕದಲ್ಲಿ ಕೂತ ಸರ್ ವರ್ಷಗಟ್ಟಲೆ ಅದನ್ನು ನೋಡಿದ್ದಾರೆ. "ನಿನ್ನ ಹೆಬ್ಬಟ್ಟಿಗೆ ಕಣ್ಣು ಅದಾವ ತಂಗಿ," ಎನ್ನುತ್ತಿದ್ದರು.

ವ್ಯಾಪಾರಸ್ಥನಾಗಿ ಅವರು ಪೂರಾ ನಪಾಸು. ಒಮ್ಮೆ ಒಬ್ಬ ಹುಡುಗಿ ಹತ್ತನೆಯ ಇಯತ್ತೆಯ ಗೈಡು ಕೇಳಿಕೊಂಡು ಬಂದಳು. ಗೈಡು ಕೈಯಲ್ಲಿ ಹಿಡಿದುಕೊಂಡೇ ಇವರು ಕೇಳಿದರು: "ಇದನ್ನ ಓದಿದ್ರ ಪಾಸ್ ಆಗ್ತಿ. ಪಾಸ್ ಆಗೂದು ಬೇಕೊ, ತಿಳಿಯೂದು ಬೇಕೊ?" ಆ ಹುಡುಗಿ ಎರಡು ಜಡೆಯನ್ನೂ ಮುಂದೆ ಎಳೆದುಕೊಂಡು ಧೈರ್ಯವಾಗಿ ಹೇಳಿದಳು, "ಪಾಸ್ ಆಗೂದು ಬೇಕ್ರಿ ಸರ್." ಇವರು ನಕ್ಕು ಗೈಡನ್ನು ಹಾಗೇ ಕೊಟ್ಟುಬಿಟ್ಟರು. ನಾನು ಬೈದೆ. "ಖರೆ ಮಾತಾಡಿದವರಿಗೆ ರೊಕ್ಕ ಹ್ಯಾಂಗ ಕೇಳಲಿ?" ಎಂದರು. ಹೀಗೆ ಮಾಡಿದರೆ ಅಂಗಡಿ ಮುಳುಗುತ್ತದೆ ಎಂದು ನಾನು ಅವರಿಗೆ ಕೊಟ್ಟಷ್ಟು ಸಲಹೆ ಯಾರಿಗೂ ಕೊಟ್ಟಿಲ್ಲ. ಅವರು ಕಿವಿಗೆ ಹಾಕಿಕೊಳ್ಳದೆ ಬಿಟ್ಟಷ್ಟು ಯಾರೂ ಬಿಟ್ಟಿಲ್ಲ.

ಆದರೆ ಒಂದು ಪುಸ್ತಕವನ್ನು ಮಾತ್ರ ಯಾರು ಏನು ಕೊಟ್ಟರೂ ಮಾರುತ್ತಿರಲಿಲ್ಲ. ಬಾಗಲಕೋಟೆಯ ರದ್ದಿ ಅಂಗಡಿಯೊಂದರಲ್ಲಿ ಸಿಕ್ಕ ಇಂಗ್ಲಿಷ್ ಪುಸ್ತಕ. ಮೇಲಿನ ರಟ್ಟು ಇಲ್ಲ, ಮೊದಲ ಹಾಳೆಗಳು ಇಲ್ಲ. ಬರೆದವನ ಹೆಸರು ಅವರಿಗೂ ಗೊತ್ತಿರಲಿಲ್ಲ. ಕೊನೆಯ ಹಾಳೆಗಳೂ ಇಲ್ಲ ಎನ್ನುತ್ತಿದ್ದರು. ಇನ್ನೂರು ವರ್ಷಕ್ಕೂ ಹಿಂದೆ, ಈಗ ಅಮೆರಿಕ ಎನ್ನುವ ದೇಶದ ತೆಂಕಣ-ಪಡುವಣ ಮೂಲೆಯಲ್ಲಿ, ಕಾಡುಕುದುರೆ ಹಿಡಿಯಲು ಹೋದ ಕೆಲವು ಗಂಡಸರ ಕತೆ ಅದರಲ್ಲಿತ್ತು. ಅದೆಲ್ಲ ಆಗ ಸ್ಪೇನ್ ದೇಶದ ರಾಜನ ಕೈಯಲ್ಲಿತ್ತಂತೆ. ಮೊಗಲರನ್ನು ಹೇಳಬೇಕಾದ ಪಿರಿಯಡ್ಡಿನಲ್ಲೂ ಸರ್ ಈ ಕುದುರೆ ಹಿಡಿಯುವವರನ್ನು ಎಳೆದು ತರುತ್ತಿದ್ದರಂತೆ. ಹುಡುಗರು ಹೆಸರಿಟ್ಟುಬಿಟ್ಟರು. ಸರ್ ಅದನ್ನು ಒಪ್ಪಿಕೊಂಡುಬಿಟ್ಟರು.

ಅವರು ತಾವು ಕುದುರೆ ಹತ್ತಿದ್ದು ಒಂದೇ ಸಲ, ಮದುವೆಯ ದಿನ. "ಗುಡೂರಾಗ ನನ್ನ ಮೆರವಣಿಗಿ. ಕುದುರಿ ಬಾವಿ ಕಡೆ ಬಂದು ನಿಂತದ್ದು ನಿಂತ ಬಿಡ್ತು. ಬಾಜಾ ಊದಿದ್ರು, ಬೈದ್ರು, ಬೆಲ್ಲ ತೋರಿಸಿದ್ರು. ಒಂದು ಹೆಜ್ಜಿ ಇಡಲಿಲ್ಲ. ಕಡೀಕ ನಾನ ಇಳದು ನಡಕೊಂತ ಹೋಗಿ ಮದಿವಿ ಆದೆ. ಅವತ್ತಿಂದ ಕುದುರಿ ಅಂದ್ರ ನನಗ ಭಾಳ ಮರ್ಯಾದಿ."

ಮಧ್ಯಾಹ್ನ ಗಿರಾಕಿ ಕಡಿಮೆ. ಅಂಥ ಹೊತ್ತಿನಲ್ಲಿ ಅವರು ಕೊಡೆಯ ತುದಿಯಿಂದ ಧೂಳಿನಲ್ಲಿ ಒಂದು ಉದ್ದ ಗೆರೆ ಎಳೆಯುತ್ತಿದ್ದರು. ನಮ್ಮ ಎಡಕ್ಕೆ ಮಿರ್ಚಿ ಭಜಿ ಮಾಡುವ ಶಾಂತವ್ವ, ಅವಳಾಚೆ ಕೀಲಿ ರಿಪೇರಿಯ ಹುಸೇನ್ ಚಾಚಾ. ನಾವು ಮೂವರೂ ಆ ಗೆರೆಯನ್ನು ನೋಡುತ್ತ ಕೂಡುತ್ತಿದ್ದೆವು.

"ಇದು ಹೊಳಿ. ಈಚೆ ಕಡೆ ಹೊಸದಾಗಿ ಹುಟ್ಟಿದ ದೇಶ, ಆಚೆ ಕಡೆ ಸ್ಪೇನಿನ ರಾಜಾನ ಸೀಮಿ. ಆಳಾಂವ ಸಮುದ್ರದಾಚೆ ಇದ್ದ, ಅವನ ಗವರ್ನರ್ ಮಾತ್ರ ಇಲ್ಲಿ ಇದ್ದ. ಹುಲ್ಲು ನೋಡಿದ್ರ ಎದಿಮಟ. ಅದರಾಗ ಸಾವಿರಗಟ್ಟಲೆ ಕುದುರಿ. ಇವು ಸ್ಪೇನದವರ ಕುದುರಿನ, ಒಂದ ಕಾಲಕ್ಕ ತಪ್ಪಿಸಿಕೊಂಡು ಹೋಗಿ ತಮ್ಮ ರಾಜ್ಯ ತಾವ ಕಟ್ಟಿಕೊಂಡಿದ್ವು."

"ಮತ್ತ ಆ ನೆಲ ಯಾರದರಿ?" ಹುಸೇನ್ ಚಾಚಾ ಕೇಳುತ್ತಿದ್ದರು. ಅವರು ಯಾವಾಗಲೂ ಇದನ್ನೇ ಕೇಳುವವರು.

"ಅಲ್ಲೇ ಮೊದಲಿಂದ ಇದ್ದ ಮಂದೀದು. ಅವರನ್ನ ಯಾರೂ ಕೇಳಲಿಲ್ಲ. ಚಾಚಾ, ನೀ ನನ್ನ ಸಾಲ್ಯಾಗ ಇದ್ದಿದ್ರ ನಿನಗ ನೂರಕ್ಕ ನೂರು ಕೊಡ್ತಿದ್ನಿ."

ಕುದುರೆ ಹಿಡಿಯುವ ರೀತಿಯನ್ನು ಅವರು ನನ್ನ ಖಣದ ಕಟ್ಟುಗಳಿಂದ ತೋರಿಸುತ್ತಿದ್ದರು. ಗಿಡದ ಕೊಂಬೆ, ಮರದ ದಿಮ್ಮಿಗಳಿಂದ ಒಂದು ದೊಡ್ಡ ದೊಡ್ಡಿ. ಅದರ ಬಾಯಿಂದ ಎರಡು ಬೇಲಿ, ಚಾಚಿದ ಎರಡು ತೋಳಿನ ಹಾಗೆ, ಬಹಳ ದೂರದವರೆಗೆ. ಕುದುರೆಗಳಿಗೆ ಮೊದಲು ಬೇಲಿ ಕಾಣುವುದೇ ಇಲ್ಲವಂತೆ, ಅಷ್ಟು ಅಗಲ. ಓಡುತ್ತ ಓಡುತ್ತ ಅದು ಕಿರಿದಾಗುತ್ತದೆ. "ಒಳಗ ಬಂದ ಮ್ಯಾಲ ಎಷ್ಟೋ ಕುದುರಿ ಗಾಯ ಇಲ್ಲದನ ಸಾಯ್ತಿದ್ವಂತ. ಸುಮ್ನ ನಿಂತಲ್ಲೇ. ಹಿಡಿಯಾವರೂ ಏನ ಸಂತರಲ್ಲ ತಂಗಿ. ಕಳ್ಳರಿದ್ರು, ಗುಪ್ತ ನಕಾಶಿ ಬರದು ಮಾರ್ತಾರ ಅಂತ ಅನುಮಾನನೂ ಇತ್ತು. ಆದ್ರ ಅವರ ನಾಯಕನ ಕಡೆ ಕಾಗದ ಇತ್ತು. ಸ್ಪೇನದ ಒಬ್ಬ ಗವರ್ನರ್ ತಾನ ಸಹಿ ಮಾಡಿ ಕೊಟ್ಟ ಪರವಾನಗಿ. ಒಬ್ಬಾಂವ ಕೊಟ್ಟ, ಮತ್ತೊಬ್ಬಾಂವ ಒಲ್ಲೆ ಅಂದ. ಸಿಪಾಯಿಗಳು ತೋಪು ತಗೊಂಡು ಬಂದು ನಾಯಕನ ತಲಿಗೆ ಗುಂಡು ಹಾಕಿದ್ರು. ಅವನ ಕಿವಿ ಕೊಯ್ದು—"

"ಊಟದ ಹೊತ್ತಿನ್ಯಾಗ ಬ್ಯಾಡ್ರಿ ಸರ್," ಶಾಂತವ್ವ ಭಜಿ ಎತ್ತುವ ಜಾರಿ ಝಾಡಿಸುತ್ತ ಹೇಳುತ್ತಿದ್ದಳು. ಕಿವಿಯ ಭಾಗವನ್ನು ನಾವು ಎಂದೂ ಪೂರ್ತಿ ಕೇಳಲಿಲ್ಲ.

ಉಳಿದವರನ್ನು ಮನೆಗೆ ಕಳಿಸುತ್ತೇವೆ ಎಂದು ನಂಬಿಸಿ ಶರಣು ಮಾಡಿಸಿದರಂತೆ. ಆಮೇಲೆ ಕಾಲಿಗೆ ಬೇಡಿ ಹಾಕಿ ಊರಿಂದೂರಿಗೆ, ಜೈಲಿನಿಂದ ಜೈಲಿಗೆ, ವರ್ಷಗಟ್ಟಲೆ. ಅವರಲ್ಲಿ ಒಬ್ಬ ಆ ಪರ ಊರಿನಲ್ಲಿ ಟೊಪ್ಪಿಗೆ ಮಾಡುವ ಕೆಲಸ ಹಿಡಿದು, ಕೈದಿಯಾಗಿದ್ದುಕೊಂಡೇ ಊರ ಜನಕ್ಕೆ ಟೊಪ್ಪಿಗೆ ಮಾರಿದ. ನನಗೆ ಇಡೀ ಕತೆಯಲ್ಲಿ ಅವನೊಬ್ಬನೇ ಹಿಡಿಸಿದವನು. ಅವನು ಗಿರಾಕಿಯನ್ನು ಹೇಗೆ ಕರೆಯುತ್ತಿದ್ದ, ಆ ಊರಿನ ಭಾಷೆ ಬರುತ್ತಿತ್ತೇ ಎಂದೆಲ್ಲ ಕೇಳುತ್ತಿದ್ದೆ. "ಪುಸ್ತಕದಾಗ ಅದಿಲ್ಲ. ನೀನ ಹೇಳು, ಹ್ಯಾಂಗ ಮಾರಿರಬೇಕು?" ಎಂದು ಸರ್ ನನ್ನ ಬಾಯಿಂದಲೇ ಹೇಳಿಸುತ್ತಿದ್ದರು.

ಕಡೆಗೆ ಸಮುದ್ರದಾಚೆಯಿಂದ ರಾಜನ ಹುಕುಮು ಬಂತು. ಐವರಿಗೆ ಒಬ್ಬನಂತೆ ನೇಣಿಗೆ ಹಾಕಿ. ಉಳಿದವರು ಹತ್ತು ಮಂದಿ, ಅಂದರೆ ಇಬ್ಬರು. ಅಷ್ಟರಲ್ಲಿ ಒಬ್ಬ ಬೇನೆ ಬಿದ್ದು ಸತ್ತ. "ಒಂದು ತಾನಾಗೇ ಕಡಿಮಿ ಆತು. ಒಂಬತ್ತು ಮಂದಿಗೆ ಒಬ್ಬ ಸಾಕು ಅಂದ್ರು. ಯಾರು ಅನ್ನೂದನ್ನ ಅವರ ಕೈಲೇನ ನಿಕಾಲಿ ಮಾಡಿಸಿದ್ರು. ನಗಾರಿ ಇಟ್ರು, ಗ್ಲಾಸಿನ್ಯಾಗ ಎರಡು ದಾಳ ಹಾಕಿದ್ರು, ಕಣ್ಣಿಗೆ ಅರಬಿ ಕಟ್ಟಿದ್ರು. ಕಡಿಮಿ ಬಿದ್ದಾಂವಗ ನೇಣು. ಎಲ್ಲಾರಕಿಂತ ಹಿರ್ಯಾ ಮೊದಲು ಅಂತಾತು. ಮುದುಕ ಮಣಕಾಲೂರಿ ಒಗದ. ನಾಲ್ಕು ಬಿತ್ತು."

"ಮುಂದ?"

"ಮುಂದಿನ ಹಾಳಿ ಇಲ್ಲ."

ನನ್ನ ಮೊಬೈಲಿನಲ್ಲಿ ಹುಡುಕಿದರೆ ಸಿಗಬಹುದು ಎಂದು ಒಮ್ಮೆ ಹೇಳಿದೆ. ಅವರು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಖಣದ ಕಟ್ಟಿನ ಕೆಳಗೆ ಇಟ್ಟರು. "ಇರಲಿ ಬಿಡು. ಇನ್ನೂ ಎಂಟು ಮಂದಿ ಒಗೀಬೇಕು. ಎರಡು ಬೀಳಬಹುದು, ಮೂರು ಬೀಳಬಹುದು."

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವ ಮಾತು ಬಂತು. ಇಪ್ಪತ್ತೂ ಡಬ್ಬಿ ತೆಗೆದು ಊರ ಹೊರಗೆ, ಕಲ್ಲಿನ ಕ್ವಾರಿಗೆ ಹೋಗುವ ದಾರಿಯ ಮೇಲೆ ಇಡಿ ಎಂದರು. ಅಲ್ಲಿ ಲಾರಿ ಬಿಟ್ಟರೆ ಏನೂ ನಿಲ್ಲುವುದಿಲ್ಲ. ಲಾರಿಯವರು ಖಣ ಕೊಳ್ಳುವುದಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಮೂರು ದಿನ ಕಚೇರಿಯ ಮೆಟ್ಟಿಲು ಹತ್ತಿ ಇಳಿದೆ. ಸಾಹೇಬರ ತಾಯಿಯ ಮಂಡಿ ನೋವು ವಿಚಾರಿಸಿದೆ. ಇಪ್ಪತ್ತು ಇದ್ದದ್ದು ಹತ್ತಾಯಿತು, ಹತ್ತು ಇದ್ದದ್ದು ನಾಲ್ಕಾಯಿತು. ಸಾಹೇಬರು ಹೇಳಿದರು: "ಐದಕ್ಕೊಂದು, ಇದರ ಕೆಳಗ ಇಳಿಯಂಗಿಲ್ಲ. ಆ ನಾಲ್ಕು ಯಾವು ಅಂತ ನೀವ ನೀವ ನಿಕಾಲಿ ಮಾಡಿಕೊಂಡು ಸಂಜಿಗೆ ಹೆಸರು ಕೊಡ್ರಿ."

ನಾನು ಗೆದ್ದವಳ ಹಾಗೆ ಬಂದೆ. ಹದಿನಾರು ಅಂಗಡಿ ಉಳಿಸಿದೆ ಎಂದು ಎಲ್ಲರೆದುರು ಹೇಳಿದೆ. ಚೀಟಿ ಎತ್ತೋಣ ಎಂದವಳೂ ನಾನೇ. ನನ್ನ ಅಂಗಡಿಯಲ್ಲಿ ಕೂತು ಇಪ್ಪತ್ತು ಚೀಟಿ ಮಾಡಿದೆ, ನಾಲ್ಕರಲ್ಲಿ ಅಡ್ಡ ಗೆರೆ ಹಾಕಿದೆ, ಎಲ್ಲವನ್ನೂ ಚೌಕಾಗಿ ಒಂದೇ ಅಳತೆಗೆ ಮಡಿಸಿದೆ. ಆದರೆ ಗೆರೆ ಹಾಕಿದ ನಾಲ್ಕಕ್ಕೆ ಒಂದು ಮೂಲೆಯನ್ನು ಒಳಗೆ ಸಿಕ್ಕಿಸಿದೆ. ಗೊತ್ತಿಲ್ಲದವರ ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳಿಗೆ ತಿಳಿಯುತ್ತದೆ. ಗಂಟು ಹೊತ್ತು ತಿರುಗಿ ಮಾಡಿದ ಅಂಗಡಿ, ಚೀಟಿಯ ಪಾಲಾಗಬಾರದು ಎಂದುಕೊಂಡೆ. ಆಗ ಅದು ತಪ್ಪು ಅನ್ನಿಸಲಿಲ್ಲ. ಚತುರತನ ಅನ್ನಿಸಿತು.

ಶಾಂತವ್ವನ ಹಿಟ್ಟಿನ ಸ್ಟೀಲು ಡಬ್ಬಿಯಲ್ಲಿ ಚೀಟಿ ಹಾಕಿ ಕುಲುಕಿದೆವು. ಹಿರಿಯರು ಮೊದಲು ತೆಗೆಯಲಿ ಎಂದು ಯಾರೋ ಅಂದರು, ಎಲ್ಲರೂ ಹೌದೆಂದರು. ಮರ್ಯಾದೆಯ ಮಾತು, ನಾವು ಎಲ್ಲದಕ್ಕೂ ಹಾಗೇ ಮಾಡುವವರು. ಡಬ್ಬಿಯನ್ನು ಸರ್ ಮುಂದೆ ಹಿಡಿದೆವು.

ಅವರು ಕೈ ಹಾಕಿದರು. ಎಷ್ಟೋ ಹೊತ್ತು ಕೈ ಒಳಗೇ ಇತ್ತು. ಹಾಕುವಾಗ ನೆಲ ನೋಡುತ್ತಿದ್ದವರು ಮೆಲ್ಲಗೆ ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಒಂದು ಚೀಟಿ ಹೊರಗೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ, ನನಗೆ ಕಾಣುವ ಹಾಗೆ ಹಿಡಿದರು. ಮೂಲೆ ಒಳಗಿತ್ತು.

"ಬಿಚ್ರಿ ಸರ್," ಶಾಂತವ್ವ ಅಂದಳು.

"ಬಿಚ್ಚಂಗಿಲ್ಲ." ಚೀಟಿಯನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡರು.

"ಬಿಚ್ಚದಿದ್ರ ಹ್ಯಾಂಗ್ರಿ ಸರ್?" ನಾನು ಕೇಳಿದೆ. "ಸಂಜಿಗೆ ಹೆಸರು ಕೊಡಬೇಕು. ನಾಲ್ಕು ಹೋದ್ರ ಹದಿನಾರು ಉಳೀತಾವ. ಇದಕಿಂತ ಚಲೋ ಯವಾರ ಸಿಗೂದಿಲ್ಲ."

"ಭಾಳ ಚಲೋ ಯವಾರ. ಅಲ್ಲಿನೂ ಯಾರೋ ಹಿಂಗ ಚೌಕಾಶಿ ಮಾಡಿರಬೇಕು. ಇಬ್ಬರ ಬದಲಿ ಒಬ್ಬ ಅಂತ." ಅವರು ಕೊಡೆಯನ್ನು ನೆಲಕ್ಕೂರಿ ಎದ್ದು ನಿಂತರು. "ಕೇಳ್ರಿ ಎಲ್ಲಾರೂ. ನೇಣು ಹಾಕಾಕ ರಾಜಾ ಇದ್ದ, ಸಿಪಾಯಿ ಇದ್ರು, ಹಗ್ಗ ಇತ್ತು. ಒಂದ ಒಂದು ಕೆಲಸಕ್ಕ ಆ ಒಂಬತ್ತು ಮಂದಿ ಕೈ ಬೇಕಾತು. ದಾಳ ಒಗಿಯಾಕ. ಯಾಕ? ಒಗದಾಂವ ಆಮ್ಯಾಲ ರಾಜಾಗ ಬೈಯಂಗಿಲ್ಲ, ತನ್ನ ಕೈಗೆ ಬೈತಾನ. ಇವತ್ತ ನಾಲ್ಕು ಮಂದಿ ಹೋದ್ರು ಅನ್ರಿ. ನಾಳೆ ಅವರು ಸಾಹೇಬಗ ಬೈಯಂಗಿಲ್ಲ, ನಮ್ಮ ಮಾರಿ ನೋಡಂಗಿಲ್ಲ, ತಮ್ಮ ಹಣೇಬರಾ ಅಂತ ಕ್ವಾರಿ ದಾರಿ ಹಿಡೀತಾರ. ಸಾಹೇಬ ಎಬ್ಬಸ್ತಾನ? ಎಬ್ಬಸ್ಲಿ. ತನ್ನ ಕೈಲೆ ಬರೀಲಿ, ಇಂಥಾವರು, ಇಂಥಾ ಕಾರಣಕ್ಕ ಅಂತ. ನಮ್ಮ ಕಡೆ ಪರವಾನಗಿ ಐತಿ. ಕೊಟ್ಟಾವರ ಇಲ್ಲ ಅನ್ನಲಿ. ನಾ ದಾಳ ಒಗಿಯಂಗಿಲ್ಲ."

ಬಾದಾಮಿಗೆ ಹೋಗುವ ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ. ಹುಸೇನ್ ಚಾಚಾ ಮುಂದೆ ಬಂದು ಡಬ್ಬಿಯಿಂದ ಒಂದು ಚೀಟಿ ತೆಗೆದರು, ನೋಡಲಿಲ್ಲ, ಮುಷ್ಟಿಯಲ್ಲಿ ಹಿಡಿದರು. ಶಾಂತವ್ವ ತೆಗೆದಳು. ಒಬ್ಬೊಬ್ಬರಾಗಿ ತೆಗೆದರು. ಯಾರೂ ಬಿಚ್ಚಲಿಲ್ಲ. ಎರಡನೆಯವಳಾಗಿ ಕೈ ಹಾಕಬೇಕು ಎಂದು ನಾನು ಯೋಚಿಸಿಟ್ಟಿದ್ದೆ. ಆದರೆ ಹೋಗಲಿಲ್ಲ, ಕಟ್ಟಕಡೆಗೆ ಉಳಿದೆ. ಡಬ್ಬಿಯ ತಳದಲ್ಲಿ ಒಂದೇ ಒಂದು ಚೀಟಿ ಇತ್ತು. ಹೆಬ್ಬೆರಳು ಮುಟ್ಟಿದ ಕೂಡಲೇ ತಿಳಿಯಿತು. ಮೂಲೆ ಒಳಗಿತ್ತು.

ಶಾಂತವ್ವ ತನ್ನ ಚೀಟಿಯನ್ನು ಭಜಿಯ ಒಲೆಗೆ ಹಾಕಿದಳು. "ಎಣ್ಣಿ ಆರಾಕತ್ತೇತಿ, ಲಗೂ ಹಾಕ್ರಿ ಎಲ್ಲಾರೂ," ಎಂದಳು. ಎಲ್ಲರೂ ಹಾಕಿದರು. ನಾನೂ ಹಾಕಿದೆ. ನನ್ನದು ಉರಿಯುವವರೆಗೂ ಅಲ್ಲೇ ನಿಂತಿದ್ದೆ. ಸರ್ ಮಾತ್ರ ಹಾಕಲಿಲ್ಲ. ಅವರು ಆಗಲೇ ಒಂದು ಸ್ಟೂಲಿನ ಮೇಲೆ ಕೂತು ಅರ್ಜಿ ಬರೆಯಲು ಹಚ್ಚಿದ್ದರು. "ಎಲ್ಲಾರೂ ಪರವಾನಗಿ ತರ್ರಿ. ನಂಬರು ಹೇಳ್ರಿ. ಶಾಂತವ್ವಾ, ನಿಂದು ಎಣ್ಣಿ ಹತ್ತಿದ್ರೂ ನಡೀತೇತಿ, ತಾ."

ಸಂಜೆಗೆ ನಾಲ್ಕು ಹೆಸರಿನ ಬದಲು ಇಪ್ಪತ್ತು ಹೆಸರಿನ ಅರ್ಜಿ ಹೋಯಿತು. ಸಾಹೇಬರು ಸಿಟ್ಟಾದರು, ಮಾತು ಕೊಟ್ಟು ತಪ್ಪಿದಿರಿ ಎಂದು ನನಗೆ ಅಂದರು. ಸರ್ ನನ್ನ ಮುಂದೆ ಬಂದು ನಿಂತು, "ಮಾತು ಕೊಟ್ಟಾಕಿ ಆಕಿ. ನಾವಲ್ಲ. ನಿಮ್ಮದೇನಿದ್ರೂ ಬರದು ಕೊಡ್ರಿ ಸಾಹೇಬ್ರ," ಎಂದರು. ಬರೆದು ಕೊಡಿ ಎಂದ ಕೂಡಲೇ ಸಾಹೇಬರ ಸಿಟ್ಟು ಅರ್ಧಕ್ಕೆ ಇಳಿಯಿತು. ಇದನ್ನು ನೀವೂ ನೆನಪಿಡಿ, ಎಲ್ಲ ಕಚೇರಿಯಲ್ಲೂ ನಡೆಯುವ ಔಷಧ. ಬಾಗಲಕೋಟೆಯ ಜಿಲ್ಲಾ ಕಚೇರಿಗೆ ಎಷ್ಟು ಸಲ ಹೋದೆವೋ. ಬಸ್ಸಿನಲ್ಲಿ ಸರ್ ನಿದ್ದೆ ಹೋಗುತ್ತಿದ್ದರು, ಕೊಡೆ ನನ್ನ ಕಾಲ ಮೇಲೆ ಬೀಳುತ್ತಿತ್ತು. ಅಲ್ಲಿ ಸಿಕ್ಕ ಅಧಿಕಾರಿಗಳಿಗೆಲ್ಲ ಅವರದು ಒಂದೇ ಪ್ರಶ್ನೆ, "ಈ ಪರವಾನಗಿ ಕೊಟ್ಟಾವರು ಯಾರು?"

ಕಡೆಗೆ ದಾರಿ ತೆಗೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾಲ್ಕು ಅಂಗಡಿ ಪೂರ್ತಿ ಹೋಗುವ ಬದಲು ಇಪ್ಪತ್ತೂ ಅಂಗಡಿಯನ್ನು ಮುಂದಿನಿಂದ ಎರಡೆರಡು ಅಡಿ ಮೊಟಕು ಮಾಡಿಕೊಳ್ಳುತ್ತೇವೆ, ತಗಡಿನ ನೆರಳು ಕತ್ತರಿಸಿಕೊಳ್ಳುತ್ತೇವೆ, ರಸ್ತೆಗೆ ಬೇಕಾದದ್ದು ಸಿಗುತ್ತದೆ ಎಂದೆ. ಟೇಪು ಹಿಡಿದು ತೋರಿಸಿದೆ. ಒಪ್ಪಿದರು. ಇವತ್ತಿಗೂ ಮಧ್ಯಾಹ್ನದ ಬಿಸಿಲು ನಮ್ಮ ಮಂಡಿಯವರೆಗೆ ಬರುತ್ತದೆ, ಇಪ್ಪತ್ತು ಮಂದಿಯ ಮಂಡಿಗೂ ಬರುತ್ತದೆ. ಬಾಗಲಕೋಟೆಯಿಂದ ತಿರುಗಿ ಬರುವಾಗ ಸರ್ ಚುರುಮರಿ ಪೊಟ್ಟಣ ಬಿಚ್ಚಿ ಮೊದಲ ಹಿಡಿ ನನಗೆ ಕೊಟ್ಟರು. "ಈಗ ಮಾಡಿದಿ ನೋಡು ಚೌಕಾಶಿ," ಎಂದರು.

ಮೂಲೆಯ ವಿಷಯ ಅವರು ಒಂದೇ ಒಂದು ಸಲ ಎತ್ತಲಿಲ್ಲ. ನಾನೇ ಹೇಳಬೇಕು ಎಂದು ಎಷ್ಟೋ ಮಧ್ಯಾಹ್ನ ಬಾಯಿ ತೆರೆದೆ. ತೆರೆದರೆ ಅವರು ನಕಾಶೆ ಬರೆಯಲು ಶುರು ಮಾಡುತ್ತಿದ್ದರು. ತಮ್ಮ ಮಗಳ ಸೀಮಂತಕ್ಕೆ ಮಾತ್ರ, ಉಡಿ ತುಂಬಲು ಖಣ ಕೊಳ್ಳಲು ನನ್ನಲ್ಲಿಗೆ ಗಿರಾಕಿಯಾಗಿ ಬಂದರು. ಹಸಿರು ಅಂಚಿನದು ಆರಿಸಿದರು. ನಾನು ಮಡಿಸುತ್ತಿದ್ದೆ. "ಮೂಲಿ ಒಳಗ ಹಾಕು ತಂಗಿ. ನೀ ಹಾಕಿದ್ದು ಸಡಲಾಗೂದಿಲ್ಲ," ಎಂದರು. ನಾನು ತಲೆ ಎತ್ತಲಿಲ್ಲ. ರೊಕ್ಕ ಕೊಡಲು ಬಂದರು, ಬೇಡವೆಂದೆ. "ಬ್ಯಾಡ ಅಂದ್ರ ತಗೋಳಂಗಿಲ್ಲ," ಎಂದು ಖಣ ಇಟ್ಟೇಬಿಟ್ಟರು. ರೊಕ್ಕ ಇಸಿದುಕೊಂಡೆ.

ಎರಡು ತಿಂಗಳ ಹಿಂದೆ ತೀರಿಕೊಂಡರು. ಹಿಂದಿನ ದಿನವೂ ಅಂಗಡಿ ತೆರೆದಿದ್ದರು. ಮಣ್ಣಿಗೆ ಬಂದವರಲ್ಲಿ ಅವರ ಹಳೆಯ ವಿದ್ಯಾರ್ಥಿಗಳೇ ಹೆಚ್ಚು. ಒಬ್ಬ ಪೊಲೀಸ್ ಇದ್ದ, ಇಬ್ಬರು ಗ್ರಾನೈಟ್ ಪಾಲಿಶ್ ಮಾಡುವವರು, ಒಬ್ಬ ಡಾಕ್ಟರ್. ಮೊಗಲರ ಬಗ್ಗೆ ಅವರಲ್ಲಿ ಯಾರಿಗೂ ಏನೂ ನೆನಪಿರಲಿಲ್ಲ. ಕುದುರೆ ದೊಡ್ಡಿಯ ನಕಾಶೆಯನ್ನು ಎಲ್ಲರೂ ಬರೆಯಬಲ್ಲವರಾಗಿದ್ದರು.

ಟೇಪಿನವನು ಬಂದು ಹೋದ ಮರುದಿನ ಸರ್ ಮಗಳು ಹುನಗುಂದದಿಂದ ಬಂದಳು. ಅಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಪರವಾನಗಿ ಅವಳ ಹೆಸರಿಗೆ ಮಾಡಿಸಲು ಅರ್ಜಿ ಬರೆದೆವು. ಅದು ಆಗುವ ತನಕ ಆ ಡಬ್ಬಿಯನ್ನು ದಿನಕ್ಕೊಬ್ಬರಂತೆ ನಾವು ಹತ್ತೊಂಬತ್ತು ಮಂದಿ ತೆರೆಯುವುದೆಂದು ಮಾತಾಯಿತು. ಹೋಗುವಾಗ ಅವಳು ಚೀಲದಿಂದ ಆ ರಟ್ಟಿಲ್ಲದ ಪುಸ್ತಕ ತೆಗೆದು ನನ್ನ ಕೈಗಿಟ್ಟಳು. "ಖಣದ ಅಕ್ಕಾಗ ಕೊಡು ಅಂದಿದ್ರು ಅಪ್ಪಾರು."

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಂಕಿ ಬರುತ್ತದೆ. ಪುಸ್ತಕದ ಕೊನೆಯ ಹಾಳೆಯ ಕೆಳಗೆ ಇನ್ನೂರ ಹನ್ನೆರಡು ಎಂದಿತ್ತು. ಅದರ ಹಿಂದೆ ಒಂದು ಹಾಳೆಯನ್ನು ಮಡಿಸಿ ಇಟ್ಟಿದ್ದರು, ತ್ರಿಕೋನವಾಗಿ, ಮೂಲೆ ಒಳಗೆ ಸಿಕ್ಕಿಸಿ. ಮಡಿಕೆ ಸ್ವಲ್ಪ ಸೊಟ್ಟ, ನೋಡಿ ಕಲಿತವರ ಮಡಿಕೆ. ಬಿಚ್ಚಿದೆ. ಮುದ್ರಿತ ಹಾಳೆ. ಕೆಳಗೆ ಇನ್ನೂರ ಹದಿಮೂರು ಎಂದಿತ್ತು.

ಹಾಳೆ ಕಳೆದಿರಲಿಲ್ಲ. ಅವರೇ ಹರಿದು ತೆಗೆದಿಟ್ಟಿದ್ದರು. ನಾಲ್ಕು ಬಿದ್ದ ಆ ಮುದುಕನಿಗೆ ಏನಾಯಿತೆಂದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ, ಇಷ್ಟು ಹುಡುಗರ ಮುಂದೆ, ನಮ್ಮ ಮುಂದೆ, ಪ್ರತಿ ಸಲವೂ ಕತೆಯನ್ನು ಅಲ್ಲೇ ನಿಲ್ಲಿಸಿ ಆ ಮುದುಕನನ್ನು ಹಗ್ಗದ ಈಚೆಗೆ ಇಟ್ಟುಕೊಂಡಿದ್ದರು. ಹಾಳೆಯ ನಡುವೆ ಒಂದು ಚೀಟಿ ಇತ್ತು. ಚೌಕಾಗಿ ಮಡಿಸಿದ್ದು, ಒಂದು ಮೂಲೆ ಒಳಗೆ. ನನ್ನ ಹೆಬ್ಬೆರಳು ಅದನ್ನು ಗುರುತಿಸಿತು. ಬಿಚ್ಚಿರಲಿಲ್ಲ.

ಸೋಮವಾರ ಟೇಪಿನವನು ಬಂದ. ಅವತ್ತು ಪುಸ್ತಕದ ಡಬ್ಬಿ ತೆರೆಯುವ ಪಾಳಿ ಹುಸೇನ್ ಚಾಚಾ ಅವರದು. ಕೀಲಿಗಳನ್ನೆಲ್ಲ ಅಲ್ಲೇ ಹರಡಿಕೊಂಡು, ಗೈಡುಗಳ ನಡುವೆ ಕೂತಿದ್ದರು.

"ಸತ್ತವರ ಅಂಗಡಿ ಯಾಕ ತಗದೀರಿ ಅಕ್ಕಾರ?"

"ಎಣಿಸ್ರಿ. ಈ ತುದಿಯಿಂದ. ಬಾಯಿಬಿಟ್ಟು ಎಣಿಸ್ರಿ, ಎಲ್ಲಾರಿಗೂ ಕೇಳಲಿ."

ಅವನು ನಕ್ಕ, ಆಮೇಲೆ ನಮ್ಮ ಮುಖ ನೋಡಿ ನಗು ನಿಲ್ಲಿಸಿದ. ಬೆರಳು ಮಾಡಿ ಎಣಿಸುತ್ತ ನಡೆದ. ಶಾಂತವ್ವ ತನ್ನ ಸರದಿ ಬಂದಾಗ ಜಾರಿ ಎತ್ತಿ ತೋರಿಸಿದಳು. ಚಾಚಾ ಒಂದು ಕೀಲಿ ಎತ್ತಿದರು. ಕೊನೆಯ ಡಬ್ಬಿಯ ಮುಂದೆ ನಿಂತು ಅವನು "ಇಪ್ಪತ್ತು" ಎಂದ.

"ಬರದು ಕೊಡ್ರಿ," ಎಂದೆ. ಬರೆದ, ಕೆಳಗೆ ಸಹಿ ಮಾಡಿದ, ನಾನು ಇಸಿದುಕೊಂಡೆ.

ಇಂಗ್ಲಿಷ್ ಬಲ್ಲವರು ನನ್ನ ಅಂಗಡಿಗೆ ದಿನಾ ಬರುತ್ತಾರೆ. ಕಾಲೇಜಿನ ಮೇಡಮ್ಮುಗಳು, ಬ್ಯಾಂಕಿನವರು. ಇನ್ನೂರ ಹದಿಮೂರನೆಯ ಹಾಳೆಯನ್ನು ಯಾರಿಗೂ ತೋರಿಸಿಲ್ಲ. ಹೇಗಿತ್ತೋ ಹಾಗೆ ಮಡಿಸಿ, ಚೀಟಿಯನ್ನು ಒಳಗಿಟ್ಟು, ಮೂಲೆ ಸಿಕ್ಕಿಸಿ ಇಟ್ಟಿದ್ದೇನೆ. ಗೈಡು ಕೊಳ್ಳಲು ಬಂದ ಹುಡುಗರು ಕತೆ ಕೇಳಿದರೆ ಚಾಚಾ ಸರ್ ಬಿಟ್ಟುಹೋದ ಕೊಡೆಯಿಂದ ಗೆರೆ ಎಳೆಯುತ್ತಾರೆ, ನಾನು ಹೇಳುತ್ತೇನೆ. ಮುದುಕ ಮಂಡಿಯೂರಿ ದಾಳ ಒಗೆದ, ನಾಲ್ಕು ಬಿತ್ತು. ಮುಂದೇನಾಯಿತು ಎಂದು ಕೇಳುತ್ತಾರೆ.

ಇನ್ನೂ ಎಂಟು ಮಂದಿ ಒಗೆಯಬೇಕು ಎನ್ನುತ್ತೇನೆ.